ಹಳೆ ಕಾರಿನ ಬ್ರೇಕ್ ಹೋಸ್ ಬದಲಾವಣೆ: ಮುಖ್ಯಾಂಶಗಳು

(ಯಾದಗಿರಿ, ಶಹಾಪುರ, ಸುರಪುರ ಭಾಗದ ಐಟಿಐ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ)

ಕೆಲಸ: ಗಾಡಿಯ ಮೈಗೆ ಬಿಗಿದ ಉಕ್ಕಿನ ಪೈಪು ಅಲುಗಾಡುವುದಿಲ್ಲ, ಚಕ್ರ ತಿರುಗುತ್ತದೆ, ಏರಿಳಿಯುತ್ತದೆ. ಇವೆರಡನ್ನೂ ಕೂಡಿಸುವುದು ಹೋಸ್. ಆಯಿಲ್ ಮೂಲಕ ಒತ್ತಡ ಸಾಗುವ ತತ್ತ್ವ: ಪ್ಯಾಸ್ಕಲ್ ನಿಯಮ.

ರಚನೆ: ಒಳಗೆ ಇಪಿಡಿಎಂ ರಬ್ಬರ್ ಕೊಳವೆ, ನಡುವೆ ನೂಲಿನ ಹೆಣಿಗೆ, ಮೇಲೆ ರಬ್ಬರ್ ಹೊದಿಕೆ. ಭಾರತೀಯ ಮಾನಕ ಐಎಸ್ 7079. ಎಂಜಿನ್ ಆಯಿಲ್, ಗ್ರೀಸ್ ತಾಗಿದರೆ ಈ ರಬ್ಬರ್ ಉಬ್ಬಿ ಕೆಡುತ್ತದೆ.

ನಮ್ಮ ಕಡೆ ವಿಶೇಷ ಗಮನ: ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು ರಬ್ಬರನ್ನು ಒಣಗಿಸುತ್ತದೆ. ಶಹಾಪುರ, ಸುರಪುರದ ಕಾಲುವೆ ನೀರಾವರಿಯ ಎರೆಹೊಲಗಳ ಕೆಸರು ಹೋಸಿಗೆ ಮೆತ್ತಿ, ಒಣಗಿ, ಬಿರುಕುಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಮೊದಲು ನೀರಿನಿಂದ ತೊಳೆಯಿರಿ, ಆಮೇಲೆ ಬಗ್ಗಿಸಿ ನೋಡಿ. ಸ್ಕ್ರೂಡ್ರೈವರಿನಿಂದ ಕೆರೆಯಲೇಬಾರದು. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಕೆಎ-33 ಹಳೆ ಗಾಡಿ ನವೀಕರಣದ ತಪಾಸಣೆಗೆ ಹೋಗುವ ಮುನ್ನ ಹೋಸ್ ನೋಡಿಸುವುದು ಒಳ್ಳೆಯದು.

ಕೆಟ್ಟ ಲಕ್ಷಣ: ಬಿರುಕು, ಉಬ್ಬು, ಜಿನುಗು, ಮೆತ್ತಗಾದ ಪೆಡಲ್, ಒಂದು ಕಡೆಗೆ ಎಳೆತ.

ವಿದ್ಯಾರ್ಥಿಗಳು ಹೆಚ್ಚಾಗಿ ಬಿಟ್ಟುಬಿಡುವ ದೋಷ ಒಂದಿದೆ, ನನ್ನ ಪ್ರಕಾರ ಅದೇ ಅತಿ ಮುಖ್ಯ. ಹೊರಗೆ ಚೆನ್ನಾಗಿರುವ ಹೋಸ್ ಒಳಗೆ ಊದಿ ದಾರಿ ಕಟ್ಟಿರಬಹುದು. ಪೆಡಲ್ ಒತ್ತಡಕ್ಕೆ ಆಯಿಲ್ ಚಕ್ರದ ಕಡೆ ನುಗ್ಗುತ್ತದೆ, ಕಾಲು ತೆಗೆದರೂ ತಿರುಗಿ ಬರುವುದಿಲ್ಲ. ಬ್ರೇಕ್ ಹಿಡಿದೇ ಇದ್ದು ಚಕ್ರ ಕಾಯುತ್ತದೆ. ಪತ್ತೆ ಹೀಗೆ: ಚಕ್ರ ಎತ್ತಿ, ಹೋಸಿನ ಮೇಲ್ತುದಿಯ ಪೈಪ್ ನಟ್ ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮೇಲೆ, ಮಾಸ್ಟರ್ ಸಿಲಿಂಡರ್ ಕಡೆ. ಬಿಡದಿದ್ದರೆ ಚಕ್ರದ ಕಡೆಯ ಬ್ಲೀಡರ್ (ಏರ್ ತೆಗೆಯುವ ಸ್ಕ್ರೂ) ತೆರೆಯಿರಿ. ಆಗ ಬಿಟ್ಟರೆ ದೋಷ ಹೋಸಿನದು, ಆಗಲೂ ಬಿಡದಿದ್ದರೆ ಪಿಸ್ಟನ್ ಜಾಮ್ ಆಗಿರಬಹುದು.

ಬಿಚ್ಚುವುದು, ಕೂಡಿಸುವುದು: ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಕೂರಬೇಡಿ, ಸ್ಟ್ಯಾಂಡ್ ಕೊಡಿ, ಉಳಿದ ಚಕ್ರಗಳಿಗೆ ಅಡೆ ಇಡಿ. ಹೋಸ್ ತುದಿಯನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು, ಪೈಪ್ ನಟ್ಟನ್ನು ಫ್ಲೇರ್ ನಟ್ ಸ್ಪ್ಯಾನರಿನಿಂದ ತಿರುಗಿಸಿ; ಸಾದಾ ಸ್ಪ್ಯಾನರ್ ಜಾರಿ ನಟ್ಟಿನ ಮೂಲೆ ಸವೆಯುತ್ತದೆ. ಆಮೇಲೆ ಕ್ಲಿಪ್, ಕೊನೆಗೆ ಚಕ್ರದ ಕಡೆಯ ತುದಿ. ಹೊಸದನ್ನು ಮೊದಲು ಚಕ್ರದ ಕಡೆ ಕೂಡಿಸಿ. ಬ್ಯಾಂಜೊ ಬೋಲ್ಟ್ ಇದ್ದರೆ ಎರಡೂ ತಾಮ್ರದ ವಾಷರ್ ಹೊಸವೇ ಇರಲಿ. ಹೋಸಿನ ಮೇಲೆ ಉದ್ದಕ್ಕೂ ಗೆರೆ ಇದ್ದರೆ ಅದು ಸುರುಳಿ ಸುತ್ತಬಾರದು. ಸುತ್ತಿದರೆ ಹೋಸ್ ತಿರುಚಿದೆ ಎಂದರ್ಥ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಟೈರಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಡ–ಬಲ ಜೊತೆಯಾಗಿಯೇ ಬದಲಿಸಿ.

ಬ್ರೇಕ್ ಆಯಿಲ್: ಕುದಿಬಿಂದು ಕನಿಷ್ಠ, ಡಾಟ್ 3: 205 ಡಿಗ್ರಿ, ನೀರು ಹೀರಿದಾಗ 140. ಡಾಟ್ 4: 230, ನೀರು ಹೀರಿದಾಗ 155. ಗಾಳಿಯ ತೇವ ಹೀರುವುದರಿಂದ ಸೀಲ್ ಮಾಡಿದ ಡಬ್ಬಿಯದನ್ನೇ ಬಳಸಬೇಕು. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ.

ಏರ್ ತೆಗೆಯುವುದು: ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಆರಂಭ. ನಮ್ಮ ಬಲಗಡೆ ಸ್ಟೀರಿಂಗಿನ ಹಳೆ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕರ್ಣೀಯ ಸರ್ಕಿಟ್ ಇದ್ದರೆ ಕ್ರಮ ಬೇರೆ, ಮ್ಯಾನುಯಲ್ ನೋಡಿ. ಪೆಡಲ್ ಒತ್ತಿ ಹಿಡಿ, ಬ್ಲೀಡರ್ ತೆರೆ, ಮುಚ್ಚು, ನಂತರ ಪೆಡಲ್ ಬಿಡು. ಈ ನಡುವೆ ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಬರಿದಾಗಬಾರದು. ಕೊನೆಗೆ ಎಂಜಿನ್ ಚಾಲೂ ಇಟ್ಟು ಪೆಡಲ್ ಜೋರಾಗಿ ಒತ್ತಿಸಿ, ಪ್ರತಿ ಜೋಡಣೆಯನ್ನೂ ಬಟ್ಟೆಯಿಂದ ಒರೆಸಿ ಜಿನುಗು ನೋಡಿ.