ದೂರು ನಿಂತರೆ ಎಚ್ಚರ

ಸ್ಟಾಫ್ ನರ್ಸ್ ಆಗಿ ಸೇರಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾಗುವವರೆಗೆ ನಾನು ಕಂಡುಕೊಂಡದ್ದು ಇಷ್ಟು: ಆಸ್ಪತ್ರೆಯಲ್ಲಿ ಜಗಳವಾಡುವವರಿಗೆ ಹೆದರಬೇಕಿಲ್ಲ. ಜಗಳ ಬಿಟ್ಟವರನ್ನು ವಿಚಾರಿಸಿಕೊಳ್ಳಬೇಕು.

ನಮ್ಮ ಮೆಡಿಕಲ್ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಒಬ್ಬರಿದ್ದರು. ಬಿ.ಪಿ. ಯಂತ್ರ ಕೆಟ್ಟರೂ ಬೆಡ್‌ಶೀಟ್ ಬಾರದಿದ್ದರೂ ಸ್ಟೋರಿನವರ ಜೊತೆ ಅವರದು ಗಲಾಟೆಯೇ. ಬರಬರುತ್ತಾ ಸದ್ದಡಗಿತು. ‘ಈಗ ಹೊಂದಿಕೊಂಡಿದ್ದಾರೆ’ ಎಂದು ಆಡಳಿತದವರಿಗೆ ನೆಮ್ಮದಿ. ಒಮ್ಮೆ ರಾತ್ರಿ ರೌಂಡ್ಸಿಗೆ ಹೋದಾಗ ನೋಡಿದರೆ, ಮನೆಯಿಂದ ತಂದ ಯಂತ್ರದಲ್ಲಿ ಬಿ.ಪಿ. ನೋಡುತ್ತಿದ್ದರು. ‘ಸ್ಟೋರಿಗೆ ಇಂಡೆಂಟ್ ಹಾಕಲಿಲ್ವಾ ಸಿಸ್ಟರ್?’ ಅಂದೆ. ‘ಹಾಕಿ ಏನಾಗ್ಬೇಕು ಮೇಡಂ? ನನ್ ಡ್ಯೂಟಿ ಮುಗಿಸಿ ಹೋಗ್ತೀನಿ’ ಅಂದರು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣ ಐಸಿಡಿ-11ರಲ್ಲಿ ‘ಬರ್ನ್‌ಔಟ್’ಗೆ ಮೂರು ಲಕ್ಷಣ ಹೇಳಿದೆ: ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಏನೂ ಆಗದೆಂಬ ಭಾವ. ಅದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ನಿಭಾಯಿಸದೆ ಬಿಟ್ಟ ಒತ್ತಡದ ಫಲ ಎಂದೂ ಸ್ಪಷ್ಟಪಡಿಸಿದೆ. ನಮ್ಮಲ್ಲಿ ಆ ಒತ್ತಡಕ್ಕೆ ಕೊರತೆಯಿರಲಿಲ್ಲ. ಮೂರು ರೋಗಿಗಳಿಗೆ, ಬೋಧನಾ ಆಸ್ಪತ್ರೆಯಲ್ಲದಿದ್ದರೆ ಐವರಿಗೆ, ಒಬ್ಬ ನರ್ಸ್ ಇರಬೇಕೆನ್ನುತ್ತದೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನಮ್ಮಲ್ಲಿ ರಾತ್ರಿ ಇಡೀ ವಾರ್ಡಿಗೆ ಒಬ್ಬರೇ. ಹೊರಗುತ್ತಿಗೆಯ ಗ್ರೂಪ್ ಡಿ ನೌಕರರಿಗೆ ಸಂಬಳವೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಕೇಳಿದರೆ ಕೆಲಸ ಹೋಗುವ ಭಯ. ಇಂಥಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಜಾಣತನವಾಗುತ್ತದೆ.

ಹೀಗೆ ಒಳಗೇ ಉಳಿದ ಬೇಸರ ಮೀಟಿಂಗಿನಲ್ಲಿ ಹೊರಬೀಳುವುದಿಲ್ಲ, ಪುಸ್ತಕಗಳಲ್ಲಿ ಕಾಣಿಸುತ್ತದೆ. ಪಾಳಿ ಬದಲಾಗುವಾಗ ಬರೆಯುವ ಹ್ಯಾಂಡೋವರ್ ಪುಸ್ತಕದಲ್ಲಿ ಪ್ರತಿ ರೋಗಿಯ ಮುಂದೂ ಅದೇ ಒಂದು ಸಾಲು. ತಪ್ಪಿದ ಡೋಸ್, ಜಾರಿಬಿದ್ದ ರೋಗಿಯ ವಿವರ ಬರೆಯುವ ರಿಜಿಸ್ಟರ್ ತಿಂಗಳುಗಟ್ಟಲೆ ಖಾಲಿ. ಖಾಲಿ ರಿಜಿಸ್ಟರನ್ನು ಸುರಕ್ಷತೆ ಎಂದು ತಿಳಿಯುವುದು ರೋಗಿಯ ಜೀವಕ್ಕೇ ಕುತ್ತು.

ನಮ್ಮಲ್ಲಿ ಫಲ ಕೊಟ್ಟದ್ದು ಸಣ್ಣ ಕ್ರಮಗಳು. ನರ್ಸಸ್ ದಿನದ ಕೇಕು, ಭಾಷಣಗಳಿಂದ ಏನೂ ಬದಲಾಗಲಿಲ್ಲ. ರೋಸ್ಟರನ್ನು ಮುಂಚಿತವಾಗಿ ಹಾಕಿದೆವು. ಕೊನೇ ಗಳಿಗೆಯಲ್ಲಿ ಡ್ಯೂಟಿ ಬದಲಿಸುವುದನ್ನು ನಿಲ್ಲಿಸಿದೆವು. ಪ್ರತಿ ಇಂಡೆಂಟಿಗೆ ‘ಬಂತು’, ‘ಇಲ್ಲ’ ಅಥವಾ ‘ಇಂಥ ದಿನ ಬರುತ್ತದೆ’ ಎಂಬ ಲಿಖಿತ ಉತ್ತರ ಕೊಡಿಸಿದೆ. ‘ಇಲ್ಲ’ ಎಂದರೂ ಜನ ಸಹಿಸುತ್ತಾರೆ, ಉತ್ತರವೇ ಬಾರದಿದ್ದರೆ ಮನಸ್ಸು ಮುರಿಯುತ್ತದೆ. ಸ್ವಚ್ಛತಾ ಸಿಬ್ಬಂದಿಯನ್ನೂ ವಾರ್ಡ್ ಸಭೆಗೆ ಕೂರಿಸಿಕೊಂಡೆವು. ಕೆಲವೇ ದಿನಗಳಲ್ಲಿ ಆ ಸಿಸ್ಟರ್ ರಜೆಯ ವಿಷಯಕ್ಕೆ ನನ್ನ ಜೊತೆಯೇ ಜಗಳಕ್ಕೆ ಬಂದರು. ನನಗೆ ಸಂತೋಷವಾಯಿತು.

ಆದರೆ ಒಂದು ಮಾತು: ಇವೆಲ್ಲ ಖಾಲಿ ಹುದ್ದೆ ತುಂಬುವುದಕ್ಕೆ ಬದಲಿಯಲ್ಲ. ಆಸ್ಪತ್ರೆ ನಡೆಸುವವರು ಹುದ್ದೆ ತುಂಬಲಿ, ಸಂಬಳ ಹೊತ್ತಿಗೆ ಕೊಡಲಿ. ಅಲ್ಲಿಯವರೆಗೆ, ಸಿಬ್ಬಂದಿ ತಂದ ದೂರಿಗೆ ಕಡೇಪಕ್ಷ ಉತ್ತರವನ್ನಾದರೂ ಕೊಡಲಿ.