ಸತುವಿನ ಬೂದಿ ಮತ್ತು ಡ್ರಾಸ್: ದಾಸ್ತಾನು, ಸಾಗಣೆ ಹಾಗೂ ಕಾರ್ಮಿಕರ ಸುರಕ್ಷತೆ

ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಸತುವಿನ ಲೇಪನ ಕೊಡುವ ಗ್ಯಾಲ್ವನೈಸಿಂಗ್ ಕಾರ್ಖಾನೆಗಳಲ್ಲಿ ಎರಡು ಬಗೆಯ ಉಪೋತ್ಪನ್ನಗಳು ದೊರೆಯುತ್ತವೆ. ಸತು 419.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುವ ಲೋಹ. ಲೇಪನದ ತೊಟ್ಟಿಯನ್ನು ಸುಮಾರು 450 ಡಿಗ್ರಿಯಲ್ಲಿ ಇರಿಸಲಾಗುತ್ತದೆ. ಕರಗಿದ ಲೋಹದ ಮೇಲೆ ಗಾಳಿಯ ಸಂಪರ್ಕದಿಂದ ಕಟ್ಟುವ ಪದರವನ್ನು ಕೆರೆದು ತೆಗೆದರೆ ಅದೇ ಸತುವಿನ ಬೂದಿ, ವ್ಯಾಪಾರದ ಮಾತಿನಲ್ಲಿ ‘ಜಿಂಕ್ ಆಶ್’. ಕಬ್ಬಿಣದೊಡನೆ ಬೆರೆತು ತೊಟ್ಟಿಯ ತಳ ಸೇರುವ ಗಟ್ಟಿ ವಸ್ತು ‘ಡ್ರಾಸ್’. ಹೆಸರಿಗೆ ಇವು ತ್ಯಾಜ್ಯವಾದರೂ ವಾಸ್ತವದಲ್ಲಿ ಬೆಲೆಯುಳ್ಳ ಸರಕು. ಸತುವಿನ ಆಕ್ಸೈಡ್, ಬಣ್ಣ, ರಬ್ಬರ್ ಉದ್ಯಮದ ಕಚ್ಚಾವಸ್ತು ಹಾಗೂ ರೈತರು ಬಳಸುವ ಜಿಂಕ್ ಸಲ್ಫೇಟ್‌ಗಳನ್ನು ಇವುಗಳಿಂದ ತಯಾರಿಸುತ್ತಾರೆ.

ಹಾಸನ ಜಿಲ್ಲೆಯಲ್ಲಿ ಸತುವಿನ ಗಣಿಯಿಲ್ಲ, ಅದಿರನ್ನು ಕರಗಿಸುವ ಕಾರ್ಖಾನೆಯೂ ಇಲ್ಲ. ಆದರೂ ಸತುವಿನ ಸಂಪರ್ಕವಿಲ್ಲದ ವ್ಯಾಪಾರ ಇಲ್ಲಿ ಕಡಿಮೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳ ಕೊಳವೆಬಾವಿಗೆ ಇಳಿಯುವ ಜಿ.ಐ. ಪೈಪು, ಬೇಲಿಯ ಮುಳ್ಳುತಂತಿ, ಅರಕಲಗೂಡಿನ ಗೋದಾಮುಗಳ ಮೇಲಿನ ತಗಡು, ಹಾಸನದ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ತಯಾರಾಗುವ ಗೇಟು ಮತ್ತು ಟ್ಯಾಂಕುಗಳ ಸ್ಟ್ಯಾಂಡು, ಹೊಳೆನರಸೀಪುರದ ಭತ್ತದ ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್, ಇವೆಲ್ಲವೂ ಸತುವಿನ ಬಾಬತ್ತೇ. ಬೆಂಗಳೂರು ಮತ್ತು ಮಂಗಳೂರು ಬಂದರಿನ ನಡುವಿನ ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ ಹಾಗೂ ಹಾಸನಗಳನ್ನು ಹಾದುಹೋಗುವುದರಿಂದ ಲೋಹದ ಗುಜರಿಯನ್ನು ಕೊಂಡು ಮಾರುವ ವರ್ತಕರಿಗೆ ಈ ಸರಕು ಅಪರಿಚಿತವಾಗಿ ಉಳಿಯುವಂತಿಲ್ಲ.

ಬೂದಿಯ ಬೆಲೆ ಅದರಲ್ಲಿರುವ ಸತುವಿನ ಶೇಕಡಾವಾರು ಪ್ರಮಾಣವನ್ನು ಅವಲಂಬಿಸಿದೆ. ಆದ್ದರಿಂದ ಕೊಳ್ಳುವವರು ಮಾದರಿ ತೆಗೆದು ಪ್ರಯೋಗಾಲಯದ ವಿಶ್ಲೇಷಣಾ ವರದಿ ಪಡೆಯುವುದು ರೂಢಿ. ಆ ವರದಿಯಲ್ಲಿ ಸತುವಿನ ಅಂಕಿಯನ್ನು ಮಾತ್ರ ನೋಡಿ ಕಡತಕ್ಕೆ ಸೇರಿಸುವುದೂ ಅಷ್ಟೇ ರೂಢಿಯಾಗಿದೆ. ವಾಸ್ತವವಾಗಿ ಅದೇ ಮಾದರಿಯಲ್ಲಿ ಲೋಹರೂಪದಲ್ಲಿ ಉಳಿದಿರುವ ಸತು, ತೇವಾಂಶ, ಕ್ಲೋರೈಡ್, ಸೀಸ, ಕ್ಯಾಡ್ಮಿಯಂ ಮತ್ತು ಆರ್ಸೆನಿಕ್‌ಗಳ ಪ್ರಮಾಣವನ್ನೂ ಕೇಳಿ ಪಡೆಯಬೇಕು. ಬೆಲೆ ನಿರ್ಧಾರಕ್ಕೆ ಒಂದು ಅಂಕಿ ಸಾಕಾಗಬಹುದು. ಮೂಟೆ ಹೊರುವವನಿಗೆ ಎದುರಾಗುವ ಅಪಾಯ ಯಾವುದೆಂದು ತಿಳಿಯಲು ಉಳಿದ ಅಂಕಿಗಳೇ ಬೇಕು.

ನೀರು ತಾಗಿದರೆ

ಈ ಸರಕಿನ ಪ್ರಥಮ ಶತ್ರು ನೀರು. ಸಾಮಾನ್ಯ ಬೂದಿಗೆ ನೀರು ಚಿಮುಕಿಸಿ ಧೂಳು ಅಡಗಿಸುವ ಅಭ್ಯಾಸ ನಮ್ಮಲ್ಲಿದೆ. ಸತುವಿನ ಬೂದಿಯ ವಿಷಯದಲ್ಲಿ ಅದು ಸಲ್ಲದು. ಬೂದಿಯಲ್ಲಿ ಸೂಕ್ಷ್ಮ ಕಣಗಳಾಗಿ ಉಳಿದಿರುವ ಲೋಹರೂಪದ ಸತು ತೇವದೊಡನೆ ವರ್ತಿಸಿ ಜಲಜನಕ ಅನಿಲವನ್ನು ಬಿಡುಗಡೆ ಮಾಡುತ್ತದೆ, ಜೊತೆಗೆ ಶಾಖವೂ ಹುಟ್ಟುತ್ತದೆ. ಗ್ಯಾಲ್ವನೈಸಿಂಗ್‌ನಲ್ಲಿ ಅಮೋನಿಯಂ ಕ್ಲೋರೈಡ್ ಮತ್ತು ಸತುವಿನ ಕ್ಲೋರೈಡ್ ಬಳಕೆಯಾಗುವುದರಿಂದ ಬೂದಿಯಲ್ಲಿ ಆ ಲವಣಗಳ ಅಂಶವೂ ಇರುತ್ತದೆ. ಈ ಲವಣಗಳು ಗಾಳಿಯಲ್ಲಿನ ತೇವವನ್ನು ತಾವಾಗಿಯೇ ಹೀರಿಕೊಳ್ಳುತ್ತವೆ. ಹೀಗಾಗಿ ಮಳೆಯ ಹನಿ ನೇರವಾಗಿ ಬೀಳದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಂಪು ಹವೆಯೊಂದೇ ಮೂಟೆಯನ್ನು ಒದ್ದೆ ಮಾಡಬಲ್ಲದು. ಬಯಲುಸೀಮೆಯ ಗುಣವುಳ್ಳ ಚನ್ನರಾಯಪಟ್ಟಣಕ್ಕಿಂತ ಅರೆಮಲೆನಾಡಿನ ಅರಕಲಗೂಡಿನಲ್ಲಿ ಈ ಎಚ್ಚರ ಹೆಚ್ಚು ಬೇಕು.

ಜಲಜನಕವು ಗಾಳಿಯಲ್ಲಿ ಶೇ. 4ರಿಂದ ಶೇ. 75ರವರೆಗಿನ ಯಾವುದೇ ಪ್ರಮಾಣದಲ್ಲಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದರೆ ಒಂದು ಕಿಲೋಗ್ರಾಂ ಲೋಹರೂಪದ ಸತು ಪೂರ್ಣವಾಗಿ ವರ್ತಿಸಿದಾಗ ಸುಮಾರು 370 ಲೀಟರ್ ಜಲಜನಕ ಹೊರಬರುತ್ತದೆ. ಹತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಮುಚ್ಚಿದ ಕೋಣೆಯ ಗಾಳಿಯನ್ನು ಶೇ. 4ರ ಮಟ್ಟಕ್ಕೆ ಒಯ್ಯಲು ಹತ್ತು ಕಿಲೋಗ್ರಾಂ ಸತು ಸಾಕು. ಜಲಜನಕ ಅತಿ ಹಗುರವಾದ್ದರಿಂದ ಅದು ಕೋಣೆಯ ತುಂಬ ಸಮವಾಗಿ ಹರಡುವವರೆಗೆ ಕಾಯದೆ ಚಾವಣಿಯ ಕೆಳಗೆ ಮೊದಲು ಶೇಖರವಾಗುತ್ತದೆ. ವಿದ್ಯುದ್ದೀಪ, ಸ್ವಿಚ್ಚು, ಫ್ಯಾನುಗಳಿರುವುದೂ ಅಲ್ಲಿಯೇ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೇವಲ ತೇವದಿಂದ ಇದು ನಿಧಾನವಾಗಿ ಹುಟ್ಟುತ್ತದೆ, ಆಮ್ಲ ತಾಗಿದರೆ ಬಹು ವೇಗವಾಗಿ ಹುಟ್ಟುತ್ತದೆ. ಅಂತರರಾಷ್ಟ್ರೀಯ ಸಾಗಣೆಯಲ್ಲಿ ಸತುವಿನ ಬೂದಿಗೆ ಯುಎನ್ 1435 ಎಂಬ ಸಂಖ್ಯೆ ನೀಡಿ ‘ಒದ್ದೆಯಾದರೆ ಅಪಾಯಕಾರಿ’ ವರ್ಗದಲ್ಲಿ ಸೇರಿಸಿರುವುದು ಇದೇ ಕಾರಣಕ್ಕೆ.

ಆದುದರಿಂದ ಗೋದಾಮಿನ ಚಾವಣಿಯ ಅತಿ ಎತ್ತರದ ಭಾಗದಲ್ಲಿ ಗಾಳಿ ಹೊರಹೋಗುವ ಕಿಂಡಿಗಳಿರಬೇಕು, ಆದರೆ ಅವುಗಳ ಮೂಲಕ ಮಳೆನೀರು ಒಳಬರಬಾರದು. ಮೂಟೆಗಳನ್ನು ನೆಲದ ಮೇಲೆ ನೇರವಾಗಿ ಇಡದೆ ಮರದ ಪ್ಯಾಲೆಟ್‌ಗಳ ಮೇಲೆ, ಗೋಡೆಯಿಂದ ದೂರವಾಗಿ ಜೋಡಿಸಬೇಕು. ಗೋಣಿಚೀಲಕ್ಕಿಂತ ಒಳಪದರವುಳ್ಳ ಚೀಲ ಮೇಲು. ಮೂಟೆಯ ಮೇಲೆ ಕೈಯಿಟ್ಟಾಗ ಬೆಚ್ಚಗೆನಿಸಿದರೆ ಒಳಗೆ ಕ್ರಿಯೆ ಆರಂಭವಾಗಿದೆ ಎಂದೇ ತಿಳಿದು, ಅದನ್ನು ಬೇರ್ಪಡಿಸಿ ಮೇಲೆ ಮರೆಯಿರುವ ಬಯಲು ಜಾಗದಲ್ಲಿ ಇರಿಸಬೇಕು. ಉಬ್ಬಿಕೊಂಡ ಡ್ರಮ್ಮನ್ನು ಸುತ್ತಿಗೆಯಿಂದ ಹೊಡೆದು ಅಥವಾ ಗ್ಯಾಸ್ ಕಟರ್‌ನಿಂದ ಕತ್ತರಿಸಿ ತೆರೆಯಲು ಎಂದಿಗೂ ಯತ್ನಿಸಬಾರದು. ಬೆಂಕಿ ಹೊತ್ತಿಕೊಂಡರೆ ನೀರು, ನೊರೆ ಅಥವಾ ಕಾರ್ಬನ್ ಡೈಆಕ್ಸೈಡ್ ಬಳಸುವಂತಿಲ್ಲ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ತಯಾರಾದ ಪುಡಿಯೇ ಆಗಬೇಕು. ಕರೆಗೆ ಓಗೊಟ್ಟು ಬರುವ ಅಗ್ನಿಶಾಮಕ ಸಿಬ್ಬಂದಿಗೆ ಒಳಗಿರುವ ಸರಕು ಯಾವುದೆಂದು ಮೊದಲ ಮಾತಿನಲ್ಲೇ ಹೇಳಬೇಕು. ಇಲ್ಲವಾದರೆ ಅವರು ಸಹಜವಾಗಿ ನೀರನ್ನೇ ಹಾಯಿಸುತ್ತಾರೆ.

ಡ್ರಾಸ್ ಅಥವಾ ಬೂದಿಯನ್ನು ಮತ್ತೆ ಕರಗಿಸುವ ಸಣ್ಣ ಘಟಕಗಳಲ್ಲಿ ಇನ್ನೊಂದು ಅಪಘಾತ ಸಾಧ್ಯ. ಒದ್ದೆ ಸರಕನ್ನು ಕಾದ ಮೂಸೆಗೆ ಹಾಕಿದೊಡನೆ ನೀರು ಕ್ಷಣಮಾತ್ರದಲ್ಲಿ ಹಬೆಯಾಗಿ ಹಿಗ್ಗಿ, ಕರಗಿದ ಲೋಹವನ್ನು ಸಿಡಿಸುತ್ತದೆ. ಸೌಟು, ಸಲಾಕೆಗಳನ್ನೂ ಮೊದಲು ಬಿಸಿ ಮಾಡಿ ಒಣಗಿಸಿಕೊಳ್ಳಬೇಕು.

ಬಿಳಿ ಹೊಗೆ ಮತ್ತು ಸೋಮವಾರದ ಜ್ವರ

ಸತು 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ವೆಲ್ಡಿಂಗ್ ಕಿಡಿಯ ಉಷ್ಣತೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಜಿ.ಐ. ಪೈಪಿಗೆ ವೆಲ್ಡಿಂಗ್ ಮಾಡುವಾಗ ಏಳುವ ಬಿಳಿ ಹೊಗೆ, ಹತ್ತಿಯ ಎಳೆಯಂತೆ ತೇಲುವ ಬಿಳಿ ಚೂರುಗಳು ಸತುವಿನ ಆಕ್ಸೈಡ್. ಇದನ್ನು ಉಸಿರಾಡಿದವರಿಗೆ ಸಾಮಾನ್ಯವಾಗಿ ನಾಲ್ಕರಿಂದ ಹತ್ತು ಗಂಟೆಗಳ ನಂತರ ಬಾಯಿಯಲ್ಲಿ ಲೋಹದ ರುಚಿ, ಗಂಟಲು ಒಣಗುವಿಕೆ, ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಒಂದೆರಡು ದಿನಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ದಿನವೂ ಹೊಗೆಯಲ್ಲಿ ಕೆಲಸ ಮಾಡುವವರ ದೇಹ ತಾತ್ಕಾಲಿಕವಾಗಿ ಒಗ್ಗಿಕೊಂಡು, ವಾರದ ರಜೆಯಲ್ಲಿ ಆ ಒಗ್ಗುವಿಕೆಯನ್ನು ಕಳೆದುಕೊಳ್ಳುತ್ತದೆ. ರಜೆ ಮುಗಿಸಿ ಬಂದ ದಿನವೇ ಜ್ವರ ಬರುವುದರಿಂದ ಇದಕ್ಕೆ ‘ಸೋಮವಾರದ ಜ್ವರ’ ಎಂಬ ಹೆಸರೂ ಇದೆ. ಕೆಲಸ ತಪ್ಪಿಸಲು ಹೂಡಿದ ನೆಪವೆಂದು ಮಾಲೀಕರು ಭಾವಿಸುವುದಕ್ಕೂ, ಫ್ಲೂ ಎಂದು ಔಷಧ ಕೊಡುವುದಕ್ಕೂ ಕಾರಣ ಇಲ್ಲಿದೆ. ಹಿತ್ತಾಳೆಯಲ್ಲಿ ಸತುವಿರುವುದರಿಂದ ಎರಕದವರಿಗೂ ಇದು ಹಳೆಯ ಕಾಯಿಲೆ. ಚನ್ನರಾಯಪಟ್ಟಣದ ನೆರೆಯಲ್ಲೇ ಇರುವ, ಲೋಹದ ಎರಕಕ್ಕೆ ಹೆಸರಾದ ನಾಗಮಂಗಲದಂಥ ಊರುಗಳ ಕುಶಲಕರ್ಮಿಗಳಿಗೂ ಈ ಎಚ್ಚರ ಅನ್ವಯಿಸುತ್ತದೆ.

ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ತಟ್ಟುವುದಿಲ್ಲ ಎಂಬ ನಂಬಿಕೆ ಶೆಡ್ಡುಗಳಲ್ಲಿ ಬೇರೂರಿದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ, ಅದನ್ನು ಮುಖವಾಡದ ಬದಲಿಗೆ ಕೊಡಬಾರದು ಅಷ್ಟೆ. ಮೂಗಿಗೆ ಕಟ್ಟುವ ಟವೆಲ್ ಈ ಸೂಕ್ಷ್ಮ ಕಣಗಳನ್ನು ತಡೆಯಲಾರದು; ಭಾರತೀಯ ಮಾನಕ ಐಎಸ್ 9473ರ ಎಫ್‌ಎಫ್‌ಪಿ2 ದರ್ಜೆಯ ಮುಖವಾಡ ಬೇಕು. ಅದಕ್ಕೂ ಮೊದಲು ಬೆಸುಗೆ ಬೀಳುವ ಜಾಗದ ಸತುವಿನ ಲೇಪನವನ್ನು ಉಜ್ಜಿ ತೆಗೆಯುವುದು, ಬಯಲಿನಲ್ಲಿ ಗಾಳಿ ಬೀಸುವ ಕಡೆಗೆ ಬೆನ್ನಾಗದೆ ಪಕ್ಕಕ್ಕೆ ನಿಂತು ಕೆಲಸ ಮಾಡುವುದು ಹೆಚ್ಚು ಫಲಕಾರಿ. ಟ್ಯಾಂಕಿನ ಒಳಗೆ ಕುಳಿತು ವೆಲ್ಡಿಂಗ್ ಮಾಡಿಸುವುದಾದರೆ ಹೊಗೆಯನ್ನು ಹೊರಸೆಳೆಯುವ ಫ್ಯಾನು ಅನಿವಾರ್ಯ.

ಇಲ್ಲಿ ಒಂದು ಗಂಭೀರ ವ್ಯತ್ಯಾಸವನ್ನು ಗಮನಿಸಬೇಕು. ಕ್ಯಾಡ್ಮಿಯಂ ಹೊಗೆಯ ಆರಂಭದ ಲಕ್ಷಣಗಳೂ ಹೀಗೆಯೇ ಇರುತ್ತವೆ. ಆದರೆ ಅದು ಶ್ವಾಸಕೋಶದಲ್ಲಿ ನೀರು ತುಂಬಿಸಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಸತುವಿನ ಕ್ಲೋರೈಡ್ ಹೊಗೆಯೂ ಶ್ವಾಸಕೋಶವನ್ನು ತೀವ್ರವಾಗಿ ಸುಡುತ್ತದೆ. ಆದ್ದರಿಂದ ಹೊಗೆಯ ನಂತರ ಉಸಿರಾಟದ ತೊಂದರೆ ಕಂಡರೆ ‘ಎರಡು ದಿನದಲ್ಲಿ ಹೋಗುತ್ತದೆ’ ಎಂದು ಕಾಯಬಾರದು.

ಸೀಸ, ಆರ್ಸೆನಿಕ್ ಮತ್ತು ಆಮ್ಲ

ಲೇಪನದ ತೊಟ್ಟಿಗೆ ಸೀಸ ಬೆರೆತ ಸತುವನ್ನು ಬಳಸಿದ್ದರೆ ಬೂದಿಯಲ್ಲೂ ಸೀಸವಿರುತ್ತದೆ. ಜರಡಿ ಹಿಡಿಯುವಾಗ ಏಳುವ ಧೂಳು, ತೊಳೆಯದ ಕೈಯಲ್ಲಿ ಸೇದಿದ ಬೀಡಿ, ಹಾಕಿಕೊಂಡ ಎಲೆಅಡಿಕೆ, ಇವುಗಳ ಮೂಲಕ ಅದು ದೇಹಕ್ಕೆ ಸೇರಿ ವರ್ಷಗಟ್ಟಲೆ ಶೇಖರವಾಗುತ್ತದೆ. ಬಟ್ಟೆಗಂಟಿದ ಧೂಳು ಮನೆಗೂ ಹೋಗುತ್ತದೆ. ಮಕ್ಕಳಿಗೆ ಅದರ ಹಾನಿ ದೊಡ್ಡವರಿಗಿಂತ ಹೆಚ್ಚು. ಕೈತೊಳೆಯುವ ನಲ್ಲಿ, ಬಟ್ಟೆ ಬದಲಿಸುವ ಜಾಗ, ನಿಯತವಾಗಿ ರಕ್ತದಲ್ಲಿನ ಸೀಸದ ಪರೀಕ್ಷೆ, ಇವಿಷ್ಟು ಕನಿಷ್ಠ ಏರ್ಪಾಡು.

ಬೂದಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಜಿಂಕ್ ಸಲ್ಫೇಟ್ ತಯಾರಿಸುವವರು ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಸರಕಿನಲ್ಲಿ ಆರ್ಸೆನಿಕ್ ಇದ್ದರೆ, ವಿಶೇಷವಾಗಿ ಅದಿರು ಕರಗಿಸುವ ಕಾರ್ಖಾನೆಗಳ ಶೇಷವಾಗಿದ್ದರೆ, ಜಲಜನಕದ ಜೊತೆಗೆ ಆರ್ಸೀನ್ ಎಂಬ ಅತಿ ವಿಷಕಾರಿ ಅನಿಲ ಹುಟ್ಟಬಹುದು. ಇದು ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ಕೆಲವು ಗಂಟೆಗಳ ನಂತರ ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುವುದು ಪ್ರಮುಖ ಸೂಚನೆ. ಧೂಳಿನ ಮುಖವಾಡ ಇಲ್ಲಿ ನಿರುಪಯೋಗಿ. ಅಂಥ ಕಾರ್ಮಿಕನನ್ನು ಕೂಡಲೇ ಡಯಾಲಿಸಿಸ್ ಮತ್ತು ರಕ್ತ ಬದಲಾವಣೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು, ಸರಕಿನ ವಿಶ್ಲೇಷಣಾ ವರದಿಯ ಪ್ರತಿಯನ್ನು ವೈದ್ಯರ ಕೈಗೆ ಕೊಡಬೇಕು. ಅಂದಹಾಗೆ, ರಸಗೊಬ್ಬರ ನಿಯಂತ್ರಣ ಆದೇಶ 1985ರ ಪ್ರಕಾರ ಶೇ. 21 ಸತುವುಳ್ಳ ಜಿಂಕ್ ಸಲ್ಫೇಟ್‌ನಲ್ಲಿ ಸೀಸ ಶೇ. 0.003ನ್ನು, ಕ್ಯಾಡ್ಮಿಯಂ ಶೇ. 0.0025ನ್ನು ಮೀರುವಂತಿಲ್ಲ. ಕಚ್ಚಾ ಬೂದಿಯ ವರದಿ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಕಾನೂನು ಮತ್ತು ಕಾಗದಪತ್ರ

ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು, 2016ರ ನಾಲ್ಕನೇ ಅನುಸೂಚಿಯಲ್ಲಿ ಸತುವಿನ ಬೂದಿ ಮತ್ತು ಡ್ರಾಸ್ ಮರುಬಳಕೆಗೆ ಯೋಗ್ಯವಾದ ಅಪಾಯಕಾರಿ ತ್ಯಾಜ್ಯಗಳಾಗಿ ಸೇರಿವೆ. ಇವುಗಳನ್ನು ಉತ್ಪಾದಿಸುವವರು, ಸಂಸ್ಕರಿಸುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಪಡೆದಿರಬೇಕು. ದಾಸ್ತಾನಿನ ಅವಧಿ ಸಾಮಾನ್ಯವಾಗಿ 90 ದಿನ. ದಿನವಹಿ ಲೆಕ್ಕಕ್ಕೆ ನಮೂನೆ 3, ಪ್ರತಿವರ್ಷ ಜೂನ್ 30ರೊಳಗೆ ಸಲ್ಲಿಸುವ ವಿವರಪಟ್ಟಿಗೆ ನಮೂನೆ 4, ಸಾಗಣೆಗೆ ನಮೂನೆ 10, ಅಪಘಾತದ ವರದಿಗೆ ನಮೂನೆ 11.

ಬಿಲ್ಲಿನಲ್ಲಿ ಬರೆಯುವ ಹೆಸರಿಗೆ ವಿಶೇಷ ಮಹತ್ವವಿದೆ. ಸತುವಿನ ಬೂದಿ ಹಾಗೂ ಶೇಷ 2620ನೇ ಶೀರ್ಷಿಕೆಗೂ, ಸತುವಿನ ಗುಜರಿ 7902ನೇ ಶೀರ್ಷಿಕೆಗೂ ಸೇರುತ್ತವೆ. 2024ರ ಅಕ್ಟೋಬರ್ 10ರಿಂದ ಜಿ.ಎಸ್.ಟಿ. ಅಡಿ 72ರಿಂದ 81ನೇ ಅಧ್ಯಾಯಗಳ ಲೋಹದ ಗುಜರಿಗೆ ಪ್ರತ್ಯೇಕ ನಿಬಂಧನೆಗಳು ಬಂದಿರುವುದರಿಂದ ಈ ಭೇದ ತೆರಿಗೆಯ ಪ್ರಶ್ನೆಯೂ ಹೌದು. ಬಿಲ್ಲಿನಲ್ಲಿ ಬರಿಯ ‘ಗುಜರಿ’, ಸಾಗಣೆಯ ನಮೂನೆಯಲ್ಲಿ ‘ಬೂದಿ’ ಎಂದಿದ್ದರೆ ತಪಾಸಣೆಯಲ್ಲಿ ಉತ್ತರಿಸುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ‘ಗುಜರಿ’ ಎಂದು ಓದಿದ ಚಾಲಕನಿಗೆ ಟಾರ್ಪಾಲಿನ್ ಬಿಗಿದು ಕಟ್ಟಲು ಕಾರಣವೇ ತೋರುವುದಿಲ್ಲ.

ಕಾರ್ಖಾನೆಗಳ ಕಾಯ್ದೆ 1948ರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2020ರಲ್ಲಿ ನಿಗದಿತ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸುವ ಹೊಣೆ ಮಾಲೀಕನದು. ಅಪಾಯಕಾರಿ ಕೆಲಸ ನಡೆಯುವ ಘಟಕಗಳಿಗೆ ಕಾರ್ಮಿಕರ ಸಂಖ್ಯೆ ಎಷ್ಟೇ ಇದ್ದರೂ ಸಂಹಿತೆಯನ್ನು ಅಧಿಸೂಚನೆಯ ಮೂಲಕ ಅನ್ವಯಿಸಲು ಅವಕಾಶವಿದೆ. ‘ನಮ್ಮಲ್ಲಿ ಐದೇ ಜನ’ ಎಂಬ ಸಮಾಧಾನಕ್ಕೆ ಹೆಚ್ಚು ಆಧಾರವಿಲ್ಲ.

ಹಣದ ಲೆಕ್ಕ

ಇಎಸ್‌ಐ ವ್ಯಾಪ್ತಿಯಿಂದ ಹೊರಗುಳಿದ ಘಟಕದಲ್ಲಿ ಅಪಘಾತ ಸಂಭವಿಸಿದರೆ ಪರಿಹಾರವನ್ನು ಮಾಲೀಕನೇ ಕೊಡಬೇಕು. ಮೂವತ್ತು ವರ್ಷದ ಕಾರ್ಮಿಕನ ಗುಣಕ 207.98. ಮಾಸಿಕ ವೇತನ 15,000 ರೂ. ಎಂದಿಟ್ಟುಕೊಂಡರೆ ಮರಣದ ಸಂದರ್ಭದಲ್ಲಿ ಅದರ ಶೇ. 50ರ ಲೆಕ್ಕದಂತೆ 15,59,850 ರೂ., ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಶೇ. 60ರಂತೆ 18,71,820 ರೂ. ಆಗುತ್ತದೆ. ಸೀಸ ಮತ್ತು ಆರ್ಸೆನಿಕ್ ವಿಷಬಾಧೆ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ ಅವಕ್ಕೂ ಪರಿಹಾರದ ಹೊಣೆ ತಪ್ಪದು. ಪ್ಯಾಲೆಟ್, ಟಾರ್ಪಾಲಿನ್, ಮುಖವಾಡ, ಒಣ ಮರಳಿನ ಬಕೆಟ್ ಮತ್ತು ಹೆಚ್ಚುವರಿ ವಿಶ್ಲೇಷಣೆಯ ಶುಲ್ಕವನ್ನು ಕೂಡಿಸಿ ಈ ಮೊತ್ತದ ಪಕ್ಕದಲ್ಲಿ ಬರೆದು ನೋಡಬಹುದು. ಸುರಕ್ಷತೆಯ ವೆಚ್ಚ ವ್ಯಾಪಾರದ ಖರ್ಚಾಗಿ ಆದಾಯದಿಂದ ಕಳೆಯಲು ಸಿಗುತ್ತದೆ, ಕಾನೂನು ಉಲ್ಲಂಘನೆಗೆ ಕಟ್ಟಿದ ದಂಡ ಸಿಗುವುದಿಲ್ಲ.

ವಿಮೆಯ ವಿಷಯದಲ್ಲಿ ಬಹುಮಂದಿ ಗಮನಿಸದ ಒಂದು ಷರತ್ತಿದೆ. ಪ್ರಚಲಿತ ಸ್ಟ್ಯಾಂಡರ್ಡ್ ಅಗ್ನಿವಿಮೆಯಲ್ಲಿ ಸರಕು ತಾನಾಗಿ ಬಿಸಿಯಾಗಿ ಅಥವಾ ತಾನಾಗಿ ಹೊತ್ತಿಕೊಂಡು ಆ ಸರಕಿಗೇ ಆಗುವ ನಷ್ಟವನ್ನು ಹೊರಗಿಡಲಾಗಿರುತ್ತದೆ. ಬೇಕಾದವರು ಹೆಚ್ಚುವರಿ ಕಂತು ತೆತ್ತು ಸೇರಿಸಿಕೊಳ್ಳಬೇಕು. ಒದ್ದೆಯಾದ ಸತುವಿನ ಬೂದಿಯಿಂದ ಸಂಭವಿಸುವ ಬೆಂಕಿ ಬಹುತೇಕ ಇದೇ ಬಗೆಯದು. ಸಣ್ಣ ಉದ್ಯಮಗಳಿಗೆಂದು 2021ರಿಂದ ಬಂದಿರುವ ಪಾಲಿಸಿಗಳ ಷರತ್ತುಗಳು ಬೇರೆ ಇರುವುದರಿಂದ ತಮ್ಮ ಪಾಲಿಸಿ ಯಾವ ಬಗೆಯದೆಂದು ಓದಿ ನೋಡಬೇಕು. ದಾಸ್ತಾನಿನ ವಿವರಣೆಯಲ್ಲಿ ‘ಕಬ್ಬಿಣದ ಗುಜರಿ’ ಎಂದು ಮಾತ್ರ ನಮೂದಾಗಿದ್ದು ಒಳಗೆ ಸತುವಿನ ಬೂದಿ ಇದ್ದರೆ, ನವೀಕರಣದ ದಿನಕ್ಕೆ ಕಾಯದೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಮಳೆಗಾಲಕ್ಕೆ ಮೊದಲೇ ತಿದ್ದುಪಡಿ ಪತ್ರ ಪಡೆದುಕೊಳ್ಳತಕ್ಕದ್ದು.