ಲಸಿಕೆ: ಸ್ವಇಚ್ಛೆಯೋ, ಕಡ್ಡಾಯವೋ? (ಕೋವಿಡ್-19 ಟಿಪ್ಪಣಿ)

1. ದೇಶದಲ್ಲಿ ಲಸಿಕೆ ಆರಂಭ: 16 ಜನವರಿ 2021. 18 ಮೀರಿದ ಎಲ್ಲರಿಗೂ: 1 ಮೇ 2021. 100 ಕೋಟಿ ಡೋಸ್: 21 ಅಕ್ಟೋಬರ್ 2021. ಮನೆಮನೆಗೆ ಲಸಿಕೆ (ಹರ್ ಘರ್ ದಸ್ತಕ್): ನವೆಂಬರ್ 2021.

2. ಅತಿ ಮುಖ್ಯ: ಜೇಕಬ್ ಪುಲಿಯೆಲ್ ಪ್ರಕರಣ, ಸುಪ್ರೀಂ ಕೋರ್ಟ್, 2 ಮೇ 2022. ಪೀಠ: ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ.
• ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ದೇಹದ ಮೇಲಿನ ಹಕ್ಕು 21ನೇ ವಿಧಿಯ ಭಾಗ.
• ಆದರೆ ಸಾರ್ವಜನಿಕ ಆರೋಗ್ಯಕ್ಕಾಗಿ ಸಮಂಜಸ ನಿರ್ಬಂಧ ಹೇರಬಹುದು.
• ಸರ್ಕಾರದ ಲಸಿಕಾ ನೀತಿಯನ್ನು ಕೋರ್ಟ್ ರದ್ದು ಮಾಡಲಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

3. ಕರ್ನಾಟಕ: ಒಮಿಕ್ರಾನ್ ಪತ್ತೆಯಾದ ಬಳಿಕ, ಡಿಸೆಂಬರ್ 2021ರಲ್ಲಿ ಮಾಲ್, ಚಿತ್ರಮಂದಿರ ಪ್ರವೇಶಕ್ಕೆ ಎರಡು ಡೋಸ್ ಕಡ್ಡಾಯ. ಅಂದರೆ ಕಡ್ಡಾಯವಾಗಿದ್ದು ಪ್ರವೇಶದ ಷರತ್ತು, ಸೂಜಿಯಲ್ಲ.

4. ಜನರ ಮನೋಭಾವ (ಪ್ರಬಂಧಕ್ಕೆ): ಹಿಂಜರಿದವರೆಲ್ಲ ವಿರೋಧಿಗಳಲ್ಲ. ಗೊರೇಬಾಳದಂಥ ಭತ್ತದ ಊರಲ್ಲಿ ನಾಟಿಯ ದಿನ ಲಸಿಕೆಯಿಂದ ಜ್ವರ ಬಂದರೆ ಕೂಲಿ ತಪ್ಪುತ್ತದೆ. ಆ ಭಯಕ್ಕೆ ಆದೇಶಕ್ಕಿಂತ ಪರಿಚಿತ ಆಶಾ ಕಾರ್ಯಕರ್ತೆಯ ಮಾತೇ ಉತ್ತರ. ಈ ಅಂಶ ಬರೆಯದ ಪ್ರಬಂಧ ಅಪೂರ್ಣ.

5. ಗೊಂದಲ ಬೇಡ:
• ಸಾರ್ವಜನಿಕ ಆರೋಗ್ಯ: ರಾಜ್ಯ ಪಟ್ಟಿ, ನಮೂದು 6. ರಾಜ್ಯದಿಂದ ರಾಜ್ಯಕ್ಕೆ ರೋಗ ಹರಡದಂತೆ ತಡೆ: ಸಮವರ್ತಿ ಪಟ್ಟಿ, ನಮೂದು 29.
• ಸಾಂಕ್ರಾಮಿಕ ರೋಗಗಳ ಕಾಯ್ದೆ 1897 (ಮುಂಬೈ ಪ್ಲೇಗ್ ಹಿನ್ನೆಲೆ). ವಿಪತ್ತು ನಿರ್ವಹಣಾ ಕಾಯ್ದೆ 2005.
• ಮೇಘಾಲಯ ಹೈಕೋರ್ಟ್ 2021ರಲ್ಲೇ ಬಲವಂತದ ಲಸಿಕೆ ಸಲ್ಲದು ಎಂದಿತ್ತು.
• ಅಮೆರಿಕ: ಜೇಕಬ್ಸನ್ ಪ್ರಕರಣ, 1905. ಸಿಡುಬಿನ ಕಡ್ಡಾಯ ಲಸಿಕೆ ಎತ್ತಿಹಿಡಿದ ತೀರ್ಪು. ಹೆಸರು ಹತ್ತಿರವಿದೆ, ಜೇಕಬ್ ಪುಲಿಯೆಲ್ ಜತೆ ಬೆರೆಸಬೇಡಿ.
• ಆಸ್ಟ್ರಿಯಾ: ವಯಸ್ಕರಿಗೆ ಕಡ್ಡಾಯ ಕಾನೂನು ಫೆಬ್ರವರಿ 2022, ಮಾರ್ಚ್‌ನಲ್ಲೇ ಅಮಾನತು.